ಇರಲೇ ಇಲ್ಲವೆಂಬ ಕಾಗದ

ದಡಲ್ ಎಂದು ಸದ್ದಾಯಿತು. ಮೂರನೆಯ ಮಹಡಿಯಲ್ಲಿ ಕಿಟಕಿಯ ಶಟರ್ ಒಂದೇ ಏಟಿಗೆ ಕೆಳಗೆ ಬಿದ್ದಿತ್ತು. ಹಾದಾರ್‌ನ ಮೆಟ್ಟಿಲಬೀದಿಯಲ್ಲಿ ಹತ್ತುತ್ತ ಇಳಿಯುತ್ತ ಇದ್ದ ನಮ್ಮಲ್ಲಿ ಯಾರೂ ತಲೆ ಎತ್ತಿ ನೋಡಲಿಲ್ಲ. ಹೈಫಾದ ಹಳೆಯ ಮನೆಗಳಲ್ಲಿ ಚಳಿಗಾಲವಿಡೀ ಕೇಳುವ ಸದ್ದು ಅದು. ಶಟರನ್ನು ಎತ್ತಿ ಇಳಿಸುವ ಪಟ್ಟಿ ಬೇಸಗೆಯಲ್ಲಿ ಒಣಗಿ, ಮಳೆಯಲ್ಲಿ ನೆನೆದು, ಒಂದು ದಿನ ಹೇಳದೆ ಕೇಳದೆ ಹರಿದುಹೋಗುತ್ತದೆ. ಹಾಡಹಗಲೇ ಮನೆ ಕತ್ತಲಾಗುತ್ತದೆ. ಆಗ ಎಲ್ಲರೂ ಕರೆಯುವುದು ಓಸ್ನತ್ ಬಾರಾಝಾನಿಯನ್ನು.

ನಲವತ್ತಾರು ವರ್ಷದ, ಗಿಡ್ಡ ನಿಲುವಿನ, ಅಗಲ ಹೆಗಲಿನ ಹೆಂಗಸು. ಶಟರ್ ರಿಪೇರಿ ಅವಳ ತಂದೆಯ ಕಸುಬು. ಅವನು ಹೋದ ಮೇಲೆ ಏಣಿ, ಸಾಮಾನಿನ ಚೀಲ, ಗಿರಾಕಿಗಳು ಎಲ್ಲ ಅವಳ ಪಾಲಿಗೆ ಬಂದವು. ಅಳತೆಯನ್ನು ಅವಳು ಕಾಗದದಲ್ಲಿ ಬರೆಯುತ್ತಿರಲಿಲ್ಲ. ಬಡಗಿಯ ಪೆನ್ಸಿಲಿನ ತುದಿಯನ್ನು ನಾಲಿಗೆಗೆ ತಾಕಿಸಿ ಎಡ ಅಂಗೈಯ ಮೇಲೆ ಬರೆದುಕೊಳ್ಳುತ್ತಿದ್ದಳು. ಮಳೆ ಬಂದರೆ ಆ ಕೈಯನ್ನು ಮುಷ್ಟಿ ಮಾಡಿ, ಬಲ ಹೆಗಲಿಗೆ ಏಣಿ ಏರಿಸಿ, ತನ್ನ ಗೂಡಂಗಡಿಯವರೆಗೂ ಹಾಗೆಯೇ ನಡೆಯುತ್ತಿದ್ದಳು.

"ಏನೇ, ಗುಬ್ಬಿ ಹಿಡ್ಕೊಂಡು ಹೊರಟ್ಯಾ?" ಎಂದು ತರಕಾರಿ ಅಂಗಡಿಯ ನಿಸ್ಸೀಮ್ ಕೂಗುತ್ತಿದ್ದ.

"ನಿನ್ನ ನಾಲಿಗೆ ಹಿಡ್ಕೊಂಡಿದೀನಿ ಕಣೋ. ಬಿಟ್ರೆ ಊರೆಲ್ಲ ಸುತ್ತುತ್ತೆ."

ಆ ದಿನ ಶಟರ್ ಬಿದ್ದದ್ದು ಕ್ಲಾರಾ ಅಜ್ಜಿಯ ಮನೆಯಲ್ಲಿ. ಎಂಬತ್ತು ದಾಟಿದ ಆಕೆ ಕತ್ತಲಲ್ಲೇ ಕುರ್ಚಿಯ ಮೇಲೆ ಕೂತಿದ್ದಳು.

"ಸತ್ತೇಹೋದೆ ಅಂದ್ಕೊಂಡೆ ಕಣೇ. ಒಂದೇ ಸಲ ಎಲ್ಲಾ ಕಪ್ಪು."

"ಸತ್ತಿದ್ರೆ ನನಗೆ ಫೋನ್ ಹೆಂಗೆ ಮಾಡ್ತಿದ್ರಿ ಅಜ್ಜೀ?" ಎನ್ನುತ್ತ ಓಸ್ನತ್ ಏಣಿ ಹತ್ತಿ ಶಟರಿನ ಪೆಟ್ಟಿಗೆ ಬಿಚ್ಚಿದಳು. ಇಪ್ಪತ್ತು ವರ್ಷದ ಧೂಳು, ಒಂದು ಪಾರಿವಾಳದ ಗೂಡು.

"ಒಬ್ಬಳೇ ಇದ್ದೀಯಂತೆ. ನನ್ನ ತಮ್ಮನ ಮಗ ಇದಾನೆ. ತಲೇಲಿ ಕೂದಲಿಲ್ಲ, ಆದ್ರೆ ಬಾಯಲ್ಲಿ ಹಲ್ಲೆಲ್ಲಾ ಇದೆ."

"ನಂಗೆ ಮದುವೆ ಆಗಿದೆ."

"ಹೌದಾ? ಎಲ್ಲಿ ಗಂಡ?"

"ಗಂಡ ಅಲ್ಲ, ಹೆಂಡತಿ. ಬ್ನೇ ಬ್ರಾಕ್‌ನಲ್ಲಿ ತಾಯಿಮನೇಲಿದಾಳೆ."

ಅಜ್ಜಿ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದಳು. "ಹೋಗಿ ಎಷ್ಟು ದಿನ ಆಯ್ತು?"

"ಎರಡು ವರ್ಷ ಆಗ್ತಾ ಬಂತು."

"ಹಂಗಾದ್ರೆ ಬಿಟ್ಟಾಯ್ತು ಅನ್ನು."

"ಬಿಡೋಕೆ ಆಗ್ತಿಲ್ಲ ಅಜ್ಜೀ. ಅದೇ ತೊಂದರೆ."

ಅಜ್ಜಿ ಅದನ್ನು ಮನಸ್ಸಿನ ಮಾತೆಂದುಕೊಂಡು ಲೊಚಗುಟ್ಟಿದಳು. ಓಸ್ನತ್ ಹೇಳಿದ್ದು ಕಾಗದದ ಮಾತು.

ನಮ್ಮ ಯಹೂದಿಗಳಲ್ಲಿ ಮದುವೆ ಮಾಡಿಸುವುದೂ ಮುರಿಯುವುದೂ ಧರ್ಮಗುರುಗಳಾದ ರಬ್ಬಿಗಳ ಕೈಯಲ್ಲಿದೆ. ಇಬ್ಬರು ಹೆಂಗಸರಿಗೆ ಅವರು ಮದುವೆ ಮಾಡಿಸುವುದಿಲ್ಲ. ಆದರೆ ಹೊರದೇಶದಲ್ಲಿ ಮಾಡಿಕೊಂಡು ಬಂದು ಸರ್ಟಿಫಿಕೇಟ್ ತೋರಿಸಿದರೆ ಗೃಹ ಖಾತೆಯ ಗುಮಾಸ್ತ ಮುಖ ನೋಡದೆ ಬರೆದುಕೊಳ್ಳುತ್ತಾನೆ. ಗುರುತಿನ ಚೀಟಿಯ ಹಿಂದೆ ಮಡಿಸಿಡುವ ಹಾಳೆಯಲ್ಲಿ 'ವಿವಾಹಿತೆ' ಎಂದು ಅಚ್ಚಾಗುತ್ತದೆ. ಓಸ್ನತ್ ಮತ್ತು ರುಹಾಮಾ ಹೀಗೆಯೇ ಒಳಗೆ ಬಂದವರು. ಹಿತ್ತಿಲ ಬಾಗಿಲು ತೆರೆದಿತ್ತು, ಬಂದರು. ಹೊರಗೆ ಹೋಗುವುದಕ್ಕೆ ಹಿತ್ತಿಲಲ್ಲೂ ಬಾಗಿಲಿಲ್ಲ ಎಂದು ತಿಳಿದದ್ದು ಆಮೇಲೆ.

ರುಹಾಮಾ ಹುಡುಗಿಯರ ಧಾರ್ಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವಳು. ಉದ್ದ ತೋಳಿನ ರವಿಕೆ, ಕಾಲ್ಬೆರಳು ಮುಚ್ಚುವ ಲಂಗ. ಒಂದು ಬೇಸಗೆ ಅವಳ ಬಾಡಿಗೆ ಕೋಣೆಯ ಶಟರ್ ಅರ್ಧದಲ್ಲಿ ಸಿಕ್ಕಿಕೊಂಡಿತು. ಓಸ್ನತ್ ರಿಪೇರಿಗೆ ಹೋದಳು. ಮುಂದಿನ ವಾರ ಮತ್ತೆ ಸಿಕ್ಕಿಕೊಂಡಿತು. ಅದರ ಮುಂದಿನ ವಾರವೂ. ನಾಲ್ಕನೆಯ ಸಲ ಓಸ್ನತ್ ಏಣಿಯ ಮೇಲಿಂದಲೇ ಕೇಳಿದಳಂತೆ: "ಟೀಚರೇ, ಇದನ್ನ ಒಳಗಿಂದ ಯಾರೋ ಬೇಕಂತಲೇ ಕೆಡಿಸ್ತಿದಾರೆ. ಯಾರಿರಬಹುದು?" ರುಹಾಮಾ ಕಿವಿಯವರೆಗೂ ಕೆಂಪಾಗಿ ಚಹಾ ಮಾಡಲು ಒಳಗೆ ಓಡಿದಳಂತೆ.

ಐದು ವರ್ಷ ಕಳೆದ ಮೇಲೆ ಇಬ್ಬರೂ ಟೊರೊಂಟೊಗೆ ಹೋದರು. ಜನವರಿ ತಿಂಗಳು, ಮೊಣಕಾಲು ಮುಳುಗುವ ಹಿಮ. ಪುರಸಭೆಯ ಕೋಣೆಯೊಂದರಲ್ಲಿ ಅಧಿಕಾರಿ ಇಬ್ಬರ ಹೆಸರನ್ನೂ ತಪ್ಪಾಗಿ ಓದಿದ. ಇವರು ನಗು ತಡೆಯಲಾರದೆ ಪ್ರತಿಜ್ಞೆಯನ್ನು ಎರಡು ಸಲ ಹೇಳಬೇಕಾಯಿತು. ತಿರುಗಿ ಬಂದ ದಿನ ಓಸ್ನತ್‌ಳ ತಾಯಿ ಹಬೀಬಾ ಬೀಟ್‌ರೂಟ್ ಸಾರಿನಲ್ಲಿ ಕುಬ್ಬೆ ಎಂಬ ರವೆಯುಂಡೆ ಬೇಯಿಸಿ ಇಡೀ ಮೆಟ್ಟಿಲಬೀದಿಗೆ ಹಂಚಿದಳು. "ನನ್ನ ಮಗಳಿಗೆ ಓದಿದ ಹುಡುಗಿ ಸಿಕ್ಕಿದಾಳೆ," ಎಂದಳು. ಕೆಲವರು ಬಟ್ಟಲು ತೆಗೆದುಕೊಂಡು ಬಾಗಿಲು ಹಾಕಿಕೊಂಡರು. ಕೆಲವರು ಎರಡನೆಯ ಸಲ ಕೇಳಿ ಹಾಕಿಸಿಕೊಂಡರು.

ಮಗುವನ್ನು ಹೊತ್ತವಳು ರುಹಾಮಾ. ಆಸ್ಪತ್ರೆಯಲ್ಲಿ ದಾನಿಯ ವೀರ್ಯದಿಂದ ನಿಂತ ಗರ್ಭ. ದಿನ ತುಂಬಲು ಮೂರು ತಿಂಗಳಿರುವಾಗಲೇ ಹೆರಿಗೆಯಾಯಿತು. ಹೆಣ್ಣು. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಇಬ್ಬರೂ ಅವಳನ್ನು ಅಲೂಮಾ ಎಂದು ಕರೆದರು, ಪೈರಿನ ಸಿವುಡು ಎಂದರ್ಥ. ಓಸ್ನತ್ ಯಾವ ಪಟ್ಟಿಯಲ್ಲೂ ತಾಯಿಯಾಗಿರಲಿಲ್ಲ. ಆದರೂ ಒಬ್ಬ ನರ್ಸ್ ಕಣ್ಣು ತಪ್ಪಿಸಿದಂತೆ ಮಾಡಿ ಅವಳನ್ನು ಒಳಗೆ ಬಿಡುತ್ತಿದ್ದಳು. ಅಂಗೈಯ ಪೆನ್ಸಿಲ್ ಗುರುತು ಹೋಗುವ ತನಕ ಸೋಪು ಹಚ್ಚಿ ತಿಕ್ಕಿ, ಪೆಟ್ಟಿಗೆಯ ರಂಧ್ರದಿಂದ ಒಂದು ಬೆರಳು ಒಳಗೆ ಹಾಕುತ್ತಿದ್ದಳು. ಮಗು ಆ ಬೆರಳನ್ನು ಹಿಡಿಯುತ್ತಿತ್ತು.

ಹನ್ನೊಂದು ದಿನ.

ರುಹಾಮಾಳ ತಂದೆ ಕಟ್ಟಾ ಧಾರ್ಮಿಕರ ಊರಾದ ಬ್ನೇ ಬ್ರಾಕ್‌ನಿಂದ ಬಂದ. ಏಳು ವರ್ಷ ಮಗಳ ಜೊತೆ ಮಾತು ಬಿಟ್ಟಿದ್ದ ಮನುಷ್ಯ, ಫೋನ್ ಹೋದ ಎರಡೇ ಗಂಟೆಯಲ್ಲಿ ಬಂದ. ಹೂಳುವ ಸಂಘದ ಇಬ್ಬರನ್ನು ಕರೆತಂದಿದ್ದ. ಓಸ್ನತ್‌ಳಿಗೆ ಆಸ್ಪತ್ರೆಯ ಹಿಂಬದಿಯಲ್ಲಿ ಕಾಯಲು ಹೇಳಿದರು. ಅವಳು ಕಾರುಗಳ ನಡುವೆ ಕಾದಳು. ಅವರು ಮುಂಬಾಗಿಲಿನಿಂದ ಹೋಗಿಬಿಟ್ಟರು. ಮಗುವನ್ನು ಎಲ್ಲಿ ಹೂತರೆಂದು ಯಾರೂ ಹೇಳಲಿಲ್ಲ.

ಅಂದು ಓಸ್ನತ್ ಮಾಡಿದ ತಪ್ಪನ್ನು ನಮ್ಮವರು ಮಾತ್ರ ಮಾಡಬಲ್ಲರು. ಮನೆಗೆ ಬಂದವಳೇ ಕೆಲಸದ ಅಂಗಿಯ ಕತ್ತುಪಟ್ಟಿ ಹರಿದುಕೊಂಡಳು. ಕನ್ನಡಿಗಳ ಮೇಲೆ ಹಾಸಿಗೆ ಬಟ್ಟೆ ಹೊದಿಸಿದಳು. ಮೆತ್ತೆಗಳನ್ನು ತೆಗೆದು ನೆಲದ ಮೇಲೆ ಕೂತಳು, ಸತ್ತವರಿಗಾಗಿ ಏಳು ದಿನ ಕೂರುವ ಹಾಗೆ. ಮೂವತ್ತು ದಿನ ತುಂಬದ ಕೂಸಿಗೆ ಆ ಸೂತಕವಿಲ್ಲ. ಅದು ಎಲ್ಲರಿಗೂ ಗೊತ್ತು, ಅವಳಿಗೂ ಗೊತ್ತಿತ್ತು. ಹಬೀಬಾ ಮಗಳ ಪಕ್ಕ ಬಂದು ಕೂತಳು. ನನ್ನ ತಾಯಿ ಬೇಳೆಯನ್ನೂ ಬೇಯಿಸಿದ ಮೊಟ್ಟೆಯನ್ನೂ ತೆಗೆದುಕೊಂಡು ಹೋದಳು. ಬೇರೆ ಯಾರೂ ಹೋಗಲಿಲ್ಲ. ಒಳಕೋಣೆಯ ಮಂಚದಲ್ಲಿ ರುಹಾಮಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎದೆಹಾಲು ಸೋರಿ ಅಂಗಿ ನೆನೆಯುತ್ತಿತ್ತು.

ಮೂರನೆಯ ದಿನ ರುಹಾಮಾಳ ತಂದೆ ಬಾಗಿಲಲ್ಲಿ ನಿಂತ.

"ಎದ್ದೇಳು. ಇದಕ್ಕೆ ಕೂರೋ ಹಂಗಿಲ್ಲ."

"ಯಾಕೆ?" ಎಂದಳು ಓಸ್ನತ್.

"ಮೂವತ್ತು ದಿನ ಆಗಿಲ್ಲ. ಇರಲೇ ಇಲ್ಲ ಅಂತಲೇ ಲೆಕ್ಕ."

"ಹನ್ನೊಂದು ದಿನ ಇದ್ದಳು. ನಾನು ನೋಡಿದೀನಿ."

"ಅವಳಿಗೆ ನೀನು ಯಾರು?"

ಓಸ್ನತ್ ಹರಿದ ಕತ್ತುಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದಳು. ಹಬೀಬಾ ನೆಲದ ಮೇಲಿಂದಲೇ ಕೇಳಿದಳು: "ಸ್ವಾಮೀ, ಅಳ್ತಾ ಕೂತೋರನ್ನ ಎಬ್ಬಿಸೋದು ಯಾವ ಪುಸ್ತಕದಲ್ಲಿ ಬರೆದಿದೆ? ನಮ್ಮ ಝಾಖೋ ಊರಿನ ಪುಸ್ತಕದಲ್ಲಂತೂ ಇರಲಿಲ್ಲ."

ಅವನು ಮಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಓಸ್ನತ್ ಏಳೂ ದಿನ ಕೂತಳು. ಒಬ್ಬಳು ನೆಲದಲ್ಲಿ, ಒಬ್ಬಳು ಮಂಚದಲ್ಲಿ. ಒಬ್ಬಳು ಕಟ್ಟಳೆ ಮುರಿದು ಅತ್ತಳು, ಇನ್ನೊಬ್ಬಳು ಕಟ್ಟಳೆಗೆ ಹೆದರಿ ಅಳಲಿಲ್ಲ. ಎಂಟನೆಯ ದಿನ ಇಬ್ಬರೂ ಎದ್ದರು. ಆಮೇಲೆ ಒಬ್ಬರ ಮುಖವನ್ನೊಬ್ಬರು ನೋಡಲು ಅವರಿಗೆ ಆಗಲಿಲ್ಲ. ರುಹಾಮಾ ಮೊದಲು ಶನಿವಾರದ ಸಬ್ಬತ್ ದಿನಕ್ಕೆಂದು ತಾಯಿಯ ಮನೆಗೆ ಹೋದಳು. ಮತ್ತೆ ವಾರಕ್ಕೆಂದು. ಮುಂದಿನ ವರ್ಷದ ವಸಂತದಲ್ಲಿ ಪಾಸ್ಕ ಹಬ್ಬಕ್ಕೆಂದು ಹೋದವಳು ಹಿಂತಿರುಗಲಿಲ್ಲ.

ಈ ಚಳಿಗಾಲದ ಮೊದಲಲ್ಲಿ ಅವಳ ಫೋನ್ ಬಂತು.

"ಓಸ್ನತ್, ನಾನು."

"ಗೊತ್ತು. ಹೇಳು."

"ನಂಗೆ ಒಬ್ಬರು ಸಿಕ್ಕಿದಾರೆ. ಎಲ್ಹನಾನ್ ಕಟ್ಸ್ ಅಂತ. ಹೆಂಡತಿ ತೀರ್ಕೊಂಡಿದಾರೆ, ಇಬ್ಬರು ಹೆಣ್ಣು ಮಕ್ಕಳು. ನನ್ನ ವಿಷಯ ಅವರಿಗೆಲ್ಲಾ ಗೊತ್ತು. ಅವರಮ್ಮನಿಗೆ ಗೊತ್ತಿಲ್ಲ, ಅವರ ಊರಿಗೆ ಗೊತ್ತಿಲ್ಲ."

"ಒಳ್ಳೇದಾಯ್ತು."

"ಅವರು ಕೋಹೆನ್."

ಕೋಹೆನ್ ಎಂದರೆ ಹಳೆಯ ದೇವಾಲಯದ ಪುರೋಹಿತರ ವಂಶ. ಆ ವಂಶದ ಗಂಡಸು ವಿಧವೆಯನ್ನು ಬೇಕಾದರೆ ಮದುವೆಯಾಗಬಹುದು, ವಿಚ್ಛೇದನವಾದವಳನ್ನು ಆಗುವಂತಿಲ್ಲ.

"ರಬ್ಬಿಗಳ ಪ್ರಕಾರ ನಾನು ಇವತ್ತಿಗೂ ಮದುವೆ ಆಗದೋಳೇ," ಎಂದಳು ರುಹಾಮಾ. "ಆದ್ರೆ ಚೀಟೀಲಿ 'ವಿಚ್ಛೇದಿತೆ' ಅಂತ ಬಂದ್ರೆ ನೋಂದಣಿ ಮಾಡೋ ರಬ್ಬಿ ಕೇಳ್ತಾರೆ, ಯಾರಿಂದ, ಯಾವಾಗ ಅಂತ. ಅಲ್ಲಿಗೆ ಎಲ್ಲಾ ಮುಗೀತು. 'ಅವಿವಾಹಿತೆ' ಅಂತಲೇ ಬರಬೇಕು. ವಕೀಲರು ದಾರಿ ಇದೆ ಅಂತಾರೆ. ನೀನೂ ಸಹಿ ಹಾಕಬೇಕು. ನಂಗೆ ಮೂವತ್ತೆಂಟು ಓಸ್ನತ್. ಇನ್ನೊಂದು ಮಗು... ಇನ್ನೆಷ್ಟು ದಿನ ಇದೆ ನಂಗೆ?"

ಓಸ್ನತ್ ಬೇರೇನೋ ಕೇಳಿದಳು. "ಅವಳನ್ನ ಎಲ್ಲಿ ಇಟ್ಟಿದಾರೆ?"

ರುಹಾಮಾ ದನಿ ತಗ್ಗಿಸಿದಳು.

"ಅಪ್ಪನಿಗೆ ಗೊತ್ತಿತ್ತು. ಅಪ್ಪ ಹೋದ ವರ್ಷ ತೀರ್ಕೊಂಡ್ರು."

ವಕೀಲ ಅವ್ನೇರ್ ಪಾಜ್‌ನ ಕಚೇರಿ ನಮ್ಮ ಮೆಟ್ಟಿಲಬೀದಿಯ ಬುಡದಲ್ಲಿತ್ತು. ಸೂರ್ಯಕಾಂತಿ ಬೀಜ ತಿನ್ನುತ್ತಲೇ ಮಾತಾಡುವವನು. ಸಿಪ್ಪೆಗಳ ನಡುವೆ ಕಾನೂನನ್ನು ಅವಳ ಮುಂದಿಟ್ಟ.

"ನೋಡಿ ಓಸ್ನತ್ ಅವ್ರೇ. ಟೊರೊಂಟೊದವ್ರು ಏನಂತಾರೆ? ಗಂಟು ಹಾಕೋಕೆ ಒಂದು ದಿನ ಸಾಕು, ಬಿಚ್ಚೋಕೆ ಇಲ್ಲಿ ಬಂದು ಒಂದು ವರ್ಷ ವಾಸ ಮಾಡಿ ಅಂತಾರೆ. ನಮ್ಮ ರಬ್ಬಿಗಳ ನ್ಯಾಯಾಲಯ ಏನನ್ನುತ್ತೆ? ಗಂಟೇ ಇಲ್ಲ, ಬಿಚ್ಚೋದು ಏನನ್ನ? ಅನ್ನುತ್ತೆ. ಕೌಟುಂಬಿಕ ನ್ಯಾಯಾಲಯಕ್ಕೆ ಹೋಗಬಹುದು. ನಿಮ್ಮಂಥವ್ರಿಗೆ ಅವ್ರು ವಿಚ್ಛೇದನ ಕೊಟ್ಟಿದ್ದು ನಾನಂತೂ ಕೇಳಿಲ್ಲ. ಕೊಟ್ರೂ ಎರಡು ವರ್ಷ, ಮೂರು ವರ್ಷ ಹಿಡಿಯುತ್ತೆ."

"ಅವಳು ಹೇಳಿದ್ದು?"

"ಅದು ಬೇರೆ. ಅದು ಅಸಿಂಧು. ಆ ಮದುವೆ ಮೊದಲಿಂದಲೇ ಮದುವೆ ಆಗಿರಲಿಲ್ಲ ಅಂತ ಇಬ್ಬರೂ ಪ್ರಮಾಣ ಮಾಡಿ ಸಹಿ ಹಾಕೋದು. ರಬ್ಬಿಗಳಿಗೂ ಸಂತೋಷ, ಗೃಹ ಖಾತೆಗೂ ಸಂತೋಷ. ಒಂದು ತಿಂಗಳು. ಚೀಟೀಲಿ ಇಬ್ಬರೂ 'ಅವಿವಾಹಿತೆ'."

"ವಿಚ್ಛೇದನ ಆದ್ರೆ?"

"'ವಿಚ್ಛೇದಿತೆ'."

"ನನಗೆ ಅದೇ ಬೇಕು."

ಅವ್ನೇರ್ ಬೀಜ ಕಡಿಯುವುದನ್ನು ನಿಲ್ಲಿಸಿದ. "ಹದಿನೆಂಟು ವರ್ಷದ ವಕಾಲತ್ತಿನಲ್ಲಿ ಆ ಪದ ತಪ್ಪಿಸ್ಕೊಳ್ಳೋಕೆ ಬಂದೋರನ್ನ ನೋಡಿದೀನಿ. ಬೇಕು ಅಂತ ಬಂದೋರು ನೀವೇ ಮೊದಲು."

ಮನೆಯಲ್ಲಿ ಹಬೀಬಾ ರವೆ ನಾದುತ್ತಿದ್ದಳು. ಎಲ್ಲ ಕೇಳಿಸಿಕೊಂಡು ಕೈ ನಿಲ್ಲಿಸದೆ ಹೇಳಿದಳು:

"ನಿಮ್ಮಪ್ಪನ್ನ ಬಿಟ್ಟು ಮೂವತ್ತು ವರ್ಷ. ನನ್ನ ಚೀಟೀಲಿ ಇವತ್ತಿಗೂ 'ವಿಚ್ಛೇದಿತೆ' ಅಂತ ಬರೆದಿದೆ. ಬರೆದ್ರೆ ಏನಂತೆ? ಬಿಟ್ಟಿದೀನಿ ಅಂದ್ರೆ ಕಟ್ಕೊಂಡಿದ್ದೆ ಅಂತ ತಾನೇ? ಆ ಕುಡುಕನ ಜೊತೆ ಹದಿನೇಳು ವರ್ಷ ಒದ್ದಾಡಿದೀನಿ. ಯಾವನಾದ್ರೂ ಬಂದು ನೀನು ಒದ್ದಾಡಲೇ ಇಲ್ಲ ಅಂತ ಬರೀಲಿ, ಕೈ ಮುರೀತೀನಿ."

"ಅವಳಿಗೆ ಮಗು ಬೇಕಂತೆ ಅಮ್ಮ."

ಹಬೀಬಾ ನಾದುವುದನ್ನು ನಿಲ್ಲಿಸಿದಳು. "ಹ್ಞೂಂ," ಎಂದಳು. ಅಂದಿನ ಉಂಡೆಗಳು ಕಲ್ಲಾಗಿದ್ದವು.

ರುಹಾಮಾ ಮತ್ತೆ ಎರಡು ಸಲ ಫೋನ್ ಮಾಡಿದಳು. ಎರಡನೆಯ ಸಲ ಒಂದನ್ನಷ್ಟೇ ಬೇಡಿದಳು: "ಒಂದ್ಸಲ ಬಾ. ಕಾಗದ ಓದೋದನ್ನ ಕೇಳು. ಆಮೇಲೂ ಬೇಡ ಅಂದ್ರೆ ಬೇಡ." ದಿನ ಗೊತ್ತು ಮಾಡಿದ್ದೂ ಅವಳೇ. ಮಂಗಳವಾರ, ಫೆಬ್ರವರಿ ಹದಿನಾಲ್ಕು. ಓಸ್ನತ್ ಒಪ್ಪಿ ಫೋನಿಟ್ಟ ಮೇಲೆ ಗೋಡೆಯ ಪಂಚಾಂಗ ನೋಡಿದಳು. ಮರಗಳ ಹಬ್ಬ ಕಳೆದ ಆರನೆಯ ದಿನ. ಮೂರು ವರ್ಷದ ಹಿಂದೆ ಅಲೂಮಾ ಹೋದದ್ದು ಅದೇ ತಿಥಿ. ಅಂದೂ ಆಸ್ಪತ್ರೆಯ ದಾರಿಯುದ್ದಕ್ಕೂ ಬಾದಾಮಿ ಮರಗಳು ಬಿಳಿ ಹೂ ಬಿಟ್ಟು ನಿಂತಿದ್ದವು.

ಅವಳಿಗೆ ಆ ದಿನ ಕೂಡ ನೆನಪಿಲ್ಲ ಎಂದುಕೊಂಡಳು ಓಸ್ನತ್. ನೆನಪಿಲ್ಲದವಳಿಗೆ, ಆಗಿರಲೇ ಇಲ್ಲ ಎಂದು ಬರೆಯುವುದು ಸುಲಭ. ಹೋಗಿ ಮುಖಕ್ಕೆ ನೇರವಾಗಿ ಆಗುವುದಿಲ್ಲ ಎಂದು ಹೇಳಿ ಬರುವುದೆಂದು ನಿಶ್ಚಯಿಸಿದಳು.

ಮಂಗಳವಾರ ಜಿಟಿಜಿಟಿ ಮಳೆ. ಓಸ್ನತ್ ಬೇಗ ಬಂದಿದ್ದಳು. ಅವ್ನೇರ್‌ನ ಕೋಣೆಯ ಶಟರ್ ಓರೆಯಾಗಿ ಅರ್ಧದಲ್ಲಿ ನಿಂತಿತ್ತು. ಕಸುಬಿನವಳ ಕಣ್ಣು ಅದನ್ನು ಸಹಿಸಲಿಲ್ಲ. ಪಟ್ಟಿಯನ್ನು ಎರಡು ಸಲ ಎಳೆದು ಬಿಟ್ಟು ಸರಿಮಾಡಿ ಪೂರ್ತಿ ಮೇಲೆತ್ತಿದಳು. ಕೆಳಗೆ ಗೇಟು ಕಂಡಿತು. ಗೇಟಿನ ಹೊರಗೆ ರುಹಾಮಾ ನಿಂತಿದ್ದಳು.

ಮೊದಲಿಗಿಂತ ಸಣ್ಣಗಾಗಿದ್ದಳು. ಕೊಡೆಯನ್ನು ಗೋಡೆಗೆ ಒರಗಿಸಿ, ಚೀಲದಿಂದ ನೀರಿನ ಬಾಟಲಿ ತೆಗೆದಳು. ಬಲಗೈ ಮೇಲೆ ಸುರಿದಳು, ಎಡಗೈ ಮೇಲೆ ಸುರಿದಳು. ಮತ್ತೆ ಬಲ, ಮತ್ತೆ ಎಡ. ಮೂರು ಸಲ. ಆಮೇಲೆ ಬಾಟಲಿಯನ್ನು ಗೋಡೆಯ ಮೇಲೆ ಬಾಯಿ ಕೆಳಗೆ ಮಾಡಿ ನಿಲ್ಲಿಸಿ, ಕೈ ಒದರಿಕೊಂಡು ಒಳಗೆ ಬಂದಳು.

ಓಸ್ನತ್‌ಳ ಕೈ ಪಟ್ಟಿಯ ಮೇಲೆಯೇ ಉಳಿಯಿತು.

ರುಹಾಮಾ ಒಳಗೆ ಬಂದು ಕೂತಳು. ತೋಳಿನ ಅಂಚು ನೆನೆದಿತ್ತು, ಬೆರಳುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಅವ್ನೇರ್ ಟಿಶ್ಯೂ ಪೆಟ್ಟಿಗೆ ಮುಂದೆ ತಳ್ಳಿದ.

"ಒರೆಸ್ಕೊಳ್ಳಿ, ಚಳಿ."

"ಬೇಡ. ತಾನೇ ಆರುತ್ತೆ."

ಅವ್ನೇರ್ ಹೆಗಲು ಹಾರಿಸಿ ಕಾಗದ ಕೈಗೆತ್ತಿಕೊಂಡ. ಸಮುದ್ರತೀರದ ಅಪಾರ್ಟ್‌ಮೆಂಟುಗಳಲ್ಲಿ ಬೆಳೆದವನಿಗೆ ಅದು ಕಾಣಲಿಲ್ಲ. ಮನೆಯ ಹೊಸ್ತಿಲು ತುಳಿಯುವ ಮುನ್ನ ಹೊರಗೇ ಕೈ ತೊಳೆದು, ಪಾತ್ರೆಯನ್ನು ಬೋರಲು ಹಾಕಿ, ಒದ್ದೆ ಕೈಯನ್ನು ಒರೆಸಿಕೊಳ್ಳದೆ ಬರುವವರು ಒಂದೇ ಕಡೆಯಿಂದ ಬಂದವರು, ಸ್ಮಶಾನದಿಂದ.

"ಮೂರು ಅಂಶ ಇದೆ," ಎಂದ ಅವ್ನೇರ್. "ನಾನು ಓದ್ತೀನಿ, ನೀವು ಹೌದು ಅನ್ನಬೇಕು. ಒಂದು. ಟೊರೊಂಟೊದಲ್ಲಿ ನಡೆದದ್ದು ಪ್ರವಾಸದ ಮಧ್ಯೆ, ದಂಪತಿಗಳಾಗೋ ಉದ್ದೇಶವಿಲ್ಲದೆ. ಎರಡು. ಆಮೇಲೂ ನಾವು ದಂಪತಿಗಳಾಗಿ ಬಾಳಿಲ್ಲ. ಮೂರು. ನಮ್ಮಿಬ್ಬರಿಗೆ ಸೇರಿದ ಮಕ್ಕಳು ಹುಟ್ಟಿಲ್ಲ." ಅವನು ಕನ್ನಡಕ ಸರಿಮಾಡಿಕೊಂಡ. "ಮೂರನೇದು ಕಾನೂನಿನ ಪ್ರಕಾರ ಸುಳ್ಳೂ ಅಲ್ಲ ಓಸ್ನತ್ ಅವ್ರೇ. ಆಸ್ಪತ್ರೆ ದಾಖಲೇಲಿ ನಿಮ್ಮ ಹೆಸರೇ ಇಲ್ಲ. ಮೊದಲ ಎರಡರ ವಿಷಯದಲ್ಲಿ ನನ್ನ ಕಿವಿ ಸ್ವಲ್ಪ ಮಂದ."

ಓಸ್ನತ್ ಅವನ ಕಡೆ ನೋಡಲೇ ಇಲ್ಲ.

"ನಿಮ್ಮಪ್ಪನ್ನ ಎಲ್ಲಿ ಹೂತಿದಾರೆ ರುಹಾಮಾ?"

"ಬ್ನೇ ಬ್ರಾಕ್‌ನಲ್ಲೇ... ಯಾಕೆ?"

"ಬೆಳಿಗ್ಗೆ ಅಲ್ಲಿಗೆ ಹೋಗಿ ಬಂದ್ಯಾ?"

"ಇಲ್ಲ, ನಾನು ಮೊದಲ ರೈಲಿಗೇ ಈ ಕಡೆ—" ಎಂದವಳು ತನ್ನ ಕೈಗಳ ಕಡೆ ನೋಡಿಕೊಂಡಳು. ಎರಡೂ ಕೈಗಳನ್ನು ಮೇಜಿನ ಕೆಳಗೆ ಇಳಿಸಿದಳು.

"ಇಲ್ಲೇ ಹೈಫಾದಲ್ಲೇ ಇದಾಳೆ," ಎಂದಳು ಓಸ್ನತ್. "ನಿಂಗೆ ಗೊತ್ತಿದೆ."

ಅವ್ನೇರ್ ಬೀಜದ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ಯಾವಾಗಿಂದ?"

"ಮೊದಲಿಂದಲೂ," ಎಂದಳು ರುಹಾಮಾ. "ಅಪ್ಪ ಅವತ್ತು ನನ್ನ ಕೋಣೆಗೆ ಬಂದು ಬಾಗಿಲು ಹಾಕ್ಕೊಂಡ್ರಲ್ಲ, ಆಗ. ಅವರೂ ಅಳ್ತಿದ್ರು ಓಸ್ನತ್. ನಂಗೆ ಮಾತ್ರ ಹೇಳಿ, ಬೇರೆ ಯಾರಿಗೂ ಬೇಡ ಅಂದ್ರು. ವರ್ಷಕ್ಕೊಂದ್ಸಲ ಬರ್ತೀನಿ. ನೆನಪಿಗೆ ಗೋರಿ ಮೇಲೊಂದು ಕಲ್ಲಿಟ್ಟು ಹೋಗ್ತೀನಿ. ಅದಕ್ಕೇ ವಕೀಲರಿಗೂ ಇದೇ ದಿನ ಹೇಳ್ದೆ."

"ನಾನು ನೆಲದ ಮೇಲೆ ಕೂತಿದ್ದೆ. ಗೋಡೆ ಆಚೆ ನೀನಿದ್ದೆ. ಗೊತ್ತಿದ್ದೂ ಹೇಳಲಿಲ್ಲ."

"ಹೇಳಿದ್ರೆ ನೀನು ದಿನಾ ಹೋಗ್ತಿದ್ದೆ."

"ಹೋಗ್ತಿದ್ದೆ. ಹೋದ್ರೆ ಏನಾಗ್ತಿತ್ತು?"

"ನಾನು ಬಂದಾಗ ನೀನು ಅಲ್ಲಿ ಸಿಗ್ತಿದ್ದೆ," ಎಂದಳು ರುಹಾಮಾ. "ಅಲ್ಲಿ ನೀನು ಸಿಕ್ಕಿದ್ರೆ ನಾನು ವಾಪಸ್ ಬಂದುಬಿಡ್ತಿದ್ದೆ. ಬಂದು ಆ ಮನೇಲಿ, ಆ ಗಾಜಿನ ಪೆಟ್ಟಿಗೇನೇ ನೋಡ್ತಾ ಇಬ್ಬರೂ ಮುದುಕೀರಾಗ್ತಿದ್ವಿ. ನನ್ನ ಕೈಲಿ ಆಗ್ತಿರಲಿಲ್ಲ ಓಸ್ನತ್."

ಹೊರಗೆ ಬಂದರಿನಲ್ಲಿ ಹಡಗೊಂದು ಕೂಗಿತು. ಇದನ್ನೆಲ್ಲ ಆಮೇಲೆ ನನಗೆ ಹೇಳಿದವಳು ಓಸ್ನತ್. ತನಗೆ ಬಂದ ಕೋಪ ಎಂಥದೆಂದರೆ, ಕಾಗದವನ್ನು ಹರಿದು ಅವಳ ಮುಖಕ್ಕೆ ಎಸೆಯುವಂಥದು ಎಂದಳು. ಮೇಜಿನ ಕೆಳಗೆ ಬಗ್ಗಿ ನೋಡಿದಳಂತೆ. ಮಡಿಲಲ್ಲಿದ್ದ ರುಹಾಮಾಳ ಕೈಗಳು ಇನ್ನೂ ಆರಿರಲಿಲ್ಲ. ಒಂದರ ಮೇಲೊಂದು ಮಲಗಿದ್ದವು.

"ಸಾಲು ಎಷ್ಟು?" ಎಂದಳು ಓಸ್ನತ್.

"ಏನು?"

"ಎಷ್ಟನೇ ಸಾಲು ಅಂತ ಕೇಳ್ದೆ."

"ಊರ ಸ್ಮಶಾನದ ಹಳೇ ಭಾಗ. ನೀರಿನ ತೊಟ್ಟಿ ದಾಟಿ ಹನ್ನೆರಡನೇ ಸಾಲು. ಗೋಡೆ ಕಡೆಯಿಂದ ಐದನೇದು. ಹೆಸರಿನ ಕಲ್ಲಿಲ್ಲ, ಬರೀ ಸಿಮೆಂಟ್ ಅಂಚು. ಅವರು ಬೇರೆ ಯಾವುದೋ ಹೆಸರು ಕೊಟ್ಟು ಹೂತಿದಾರೆ, ಆ ಹೆಸರು—"

"ಅದು ಬೇಡ."

ಓಸ್ನತ್ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ತುದಿಯನ್ನು ನಾಲಿಗೆಗೆ ತಾಕಿಸಿದಳು. ಎಡ ಅಂಗೈ ಬಿಚ್ಚಿ ಬರೆದುಕೊಂಡಳು: ೧೨, ೫. ಎರಡು ಸಲ ತಿದ್ದಿ ದಪ್ಪ ಮಾಡಿದಳು. ಆಮೇಲೆ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ, ಅವ್ನೇರ್‌ನ ಮುಂದಿದ್ದ ಪೆನ್ನು ಎತ್ತಿಕೊಂಡಳು.

"ಓದಿ."

"ಓಸ್ನತ್ ಅವ್ರೇ, ಇವತ್ತೇ ಆಗಬೇಕು ಅಂತೇನಿಲ್ಲ. ಮನೆಗೆ ಹೋಗಿ ಯೋಚನೆ—"

"ಓದಿ ವಕೀಲರೇ."

ಅವನು ಓದಿದ. ಈ ಸಲ ಮೆಲ್ಲಗೆ, ಸಮಾಧಿಯ ಬಳಿ ಓದುವವರ ಹಾಗೆ ಓದಿದ. ಉದ್ದೇಶವಿಲ್ಲದೆ ನಡೆದದ್ದು. ಹೌದು ಎಂದಳು. ದಂಪತಿಗಳಾಗಿ ಬಾಳಿಲ್ಲ. ಹೌದು. ಮೂರನೆಯದರ ಬಳಿ ಅವನೇ ತಡವರಿಸಿದ. ಮಕ್ಕಳು ಹುಟ್ಟಿಲ್ಲ. ಓಸ್ನತ್ ಎಡಗೈಯನ್ನು ಮುಷ್ಟಿ ಮಾಡಿದಳು.

"ಹೌದು," ಎಂದಳು.

ಮೂರು ಪ್ರತಿಗಳಿಗೂ ಸಹಿ ಹಾಕಿದಳು. ಆಮೇಲೆ ರುಹಾಮಾ ಪೆನ್ನು ತೆಗೆದುಕೊಂಡು ತನ್ನ ಸಹಿ ಹಾಕಿದಳು. ಕಾಗದದ ಮೇಲೆ ನೀರಿನ ಹನಿ ಬಿತ್ತು, ಕೈಯಿಂದಲೋ ಕಣ್ಣಿನಿಂದಲೋ. ಅವ್ನೇರ್ ಅದನ್ನು ಟಿಶ್ಯೂನಿಂದ ಒತ್ತಿ, ಎರಡು ಕಡೆ ಮುದ್ರೆ ಹಾಕಿ, "ಇನ್ನು ಹಳೇ ಹಾಳೆ ಕೊಡಬೇಕು," ಎಂದ. ಓಸ್ನತ್ ಗುರುತಿನ ಚೀಟಿಯ ನೀಲಿ ಹೊದಿಕೆಯಿಂದ ಮಡಿಸಿದ ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಐದು ವರ್ಷದ ಮಡಿಕೆಗಳಲ್ಲಿ ಅದು ಸವೆದು ಅಲ್ಲಲ್ಲಿ ಬೆಳಕು ಕಾಣುತ್ತಿತ್ತು.

"ಚೆನ್ನಾಗಿ ಬಾಳು," ಎಂದಳು ರುಹಾಮಾಳಿಗೆ. "ನಿನ್ನ ಕೋಹೆನ್‌ಗೆ ಹೇಳು, ಶಟರ್ ಸಿಕ್ಕಿಕೊಂಡ್ರೆ ಬೇರೆ ಯಾರನ್ನಾದ್ರೂ ಕರೀಲಿ."

ರುಹಾಮಾ ನಗಲು ಹೋಗಿ ಅತ್ತಳು. ಎದ್ದು ಕೊಡೆಗಾಗಿ ಅತ್ತಿತ್ತ ನೋಡಿದಳು. ಅದು ಕೆಳಗೆ ಗೋಡೆಯ ಬಳಿಯೇ ಉಳಿದಿತ್ತು. ಓಸ್ನತ್ ಆಗಲೇ ಬಾಗಿಲಲ್ಲಿದ್ದಳು.

"ಓಸ್ನತ್, ನಿಲ್ಲು. ಮಳೆಗೆ ಆ ಕಡೆ ಪೂರಾ ಕೆಸರು, ಒಬ್ಬಳೇ ಹೋದ್ರೆ ಸಾಲು ಗೊತ್ತಾಗಲ್ಲ. ನಾನೂ ಬರ್ತೀನಿ, ತೋರಿಸಿ ಅಲ್ಲಿಂದಲೇ ರೈಲಿಗೆ ಹೋಗ್ತೀನಿ. ನಾನೊಂದು ಕಲ್ಲಿಟ್ಟಿದೀನಿ, ಬಿಳೀದು, ಸಮುದ್ರದ್ದು, ಅದನ್ನ ನೋಡಿದ್ರೆ ನಿಂಗೆ—"

ಓಸ್ನತ್ ಮುಚ್ಚಿದ ಮುಷ್ಟಿಯನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದಳು. ಗೇಟಿನ ಗೋಡೆಯ ಮೇಲೆ ಬೋರಲು ನಿಂತ ಬಾಟಲಿಯನ್ನು ಮುಟ್ಟದೆ ದಾಟಿ, ಮಳೆಯಲ್ಲಿ ಸ್ಮಶಾನದ ಬಸ್ಸಿನ ಕಡೆ ಹೊರಟಳು.